ಇಂಗಾಲಕ್ಕೆ ತೆರಿಗೆ ಹಾಕಿದರೆ ಸಾಕಾ?

ಪತ್ರ: "ಕರೆಂಟು ಮಾರುವ ನಿಯಮಗಳೇ ಬದಲಾಗಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅಷ್ಟೆಲ್ಲ ಯಾಕೆ? ಹೊಗೆ ಬಿಡುವವರಿಗೆ ಟನ್ನಿಗೆ ಇಷ್ಟು ಅಂತ ತೆರಿಗೆ ಹಾಕಿ. ಕಲ್ಲಿದ್ದಲು ತಾನೇ ಸೋಲುತ್ತದೆ, ಗಾಳಿ-ಬಿಸಿಲು ತಾವೇ ಗೆಲ್ಲುತ್ತವೆ. ಸರ್ಕಾರ ನಡುವೆ ನಿಂತು ಹದಿನೈದು ವರ್ಷದ ಒಪ್ಪಂದ ಮಾಡಿಕೊಟ್ಟರೆ ಅದು ಮಾರುಕಟ್ಟೆಯೇ ಅಲ್ಲ. ವಾಣಿಜ್ಯ ಓದಿದವನಾಗಿ ಕೇಳುತ್ತಿದ್ದೇನೆ."

ಉತ್ತರ: ಇಂಥ ಪತ್ರಕ್ಕೆ ನಾನು ಕಾಯುತ್ತಿದ್ದೆ. ಭೂಮಿ ಬಿಸಿಯಾಗುತ್ತಿದೆ ಅಂತ ಮರುಗಿ ಬರೆಯುವವರು ಬಹಳ. ಯಾರ ದುಡ್ಡು ಯಾರ ಕೈಗೆ ಹೋಗುತ್ತದೆ ಅಂತ ಕೇಳುವವರು ಕಡಿಮೆ. ನೀವು ಕೇಳಿದ್ದೀರಿ, ಸಂತೋಷ. ಆದರೆ ಲೆಕ್ಕವನ್ನು ಅರ್ಧಕ್ಕೇ ಬಿಟ್ಟಿದ್ದೀರಿ. ವಾಣಿಜ್ಯ ಓದಿದವರು ಹಾಗೆ ಬಿಡಬಾರದು.

ನಿಮ್ಮ ಮಾತಿನಲ್ಲಿ ನಿಜ ಇದೆ. ಹೊಗೆ ಬಿಡುವುದಕ್ಕೆ ಯುರೋಪಿನಲ್ಲಿ ಆಗಲೇ ಕೊಡಬೇಕಿದ್ದ ಬೆಲೆಯ ಮೇಲೆ ಬ್ರಿಟನ್ 2013ರಲ್ಲಿ ತನ್ನದೂ ಒಂದು ತೆರಿಗೆ ಸೇರಿಸಿತು. 2012ರಲ್ಲಿ ಅಲ್ಲಿನ ಕರೆಂಟಿನ ಸುಮಾರು ಶೇ 40 ಕಲ್ಲಿದ್ದಲಿನಿಂದ ಬರುತ್ತಿತ್ತು. 2019ಕ್ಕೆ ಅದು ಶೇ 2ರ ಆಸುಪಾಸಿಗೆ ಇಳಿಯಿತು. 2024ರ ಸೆಪ್ಟೆಂಬರ್ 30ರಂದು ರ‍್ಯಾಟ್‌ಕ್ಲಿಫ್‌ನ ಕೊನೆಯ ಕಲ್ಲಿದ್ದಲು ಸ್ಥಾವರ ನಿಂತೇ ಹೋಯಿತು. ತೆರಿಗೆ ಕಲ್ಲಿದ್ದಲನ್ನು ಓಡಿಸುತ್ತದೆ, ಒಪ್ಪಿದೆ. ಅದರ ಜಾಗಕ್ಕೆ ಬರುವುದನ್ನು ಕಟ್ಟುವವರು ಯಾರು? ನನ್ನ ತಕರಾರು ಶುರುವಾಗುವುದು ಅಲ್ಲಿ.

ಸಗಟು ಮಾರುಕಟ್ಟೆಯ ಒಂದೇ ಒಂದು ಗಂಟೆಯನ್ನು ಹತ್ತಿರದಿಂದ ನೋಡೋಣ. ಆ ಗಂಟೆಗೆ 1,000 ಮೆಗಾವಾಟ್ ಬೇಕು ಅಂತಿಟ್ಟುಕೊಳ್ಳಿ. ಗಾಳಿಯವರು 300 ಮೆಗಾವಾಟ್‌ಗೆ ಸೊನ್ನೆ ಬೆಲೆ ಕೂಗುತ್ತಾರೆ. ಗಾಳಿಗೆ ದುಡ್ಡು ಕೊಡಬೇಕಾಗಿಲ್ಲವಲ್ಲ. ಅಣು ಸ್ಥಾವರದ 200 ಹೆಚ್ಚುಕಮ್ಮಿ ಅದೇ ಬೆಲೆಗೆ ಸಿಗುತ್ತದೆ. ಆಮೇಲೆ ಕಲ್ಲಿದ್ದಲಿನ 300, ಬೆಲೆ ಮೆಗಾವಾಟ್-ಗಂಟೆಗೆ, ಅಂದರೆ 1,000 ಯೂನಿಟ್‌ಗೆ, 40 ಯೂರೋ. ಕೊನೆಗೆ ಅನಿಲದ 200, ಬೆಲೆ 60 ಯೂರೋ. ಕೊನೆಯವನು ಕೇಳಿದ 60 ಎಲ್ಲರಿಗೂ ಸಿಗುತ್ತದೆ, ಸೊನ್ನೆ ಕೂಗಿದ ಗಾಳಿಯವನಿಗೂ. ಈಗ ನಿಮ್ಮ ತೆರಿಗೆ ಹಾಕಿ, ಟನ್ನಿಗೆ 50 ಯೂರೋ. ಒಂದು ಮೆಗಾವಾಟ್-ಗಂಟೆಗೆ ಕಲ್ಲಿದ್ದಲು ಹತ್ತಿರ ಹತ್ತಿರ ಒಂದು ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಅನಿಲ ಅದರ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಅನಿಲ 80ರ ಹತ್ತಿರ ನಿಲ್ಲುತ್ತದೆ, ಕಲ್ಲಿದ್ದಲು 90ರ ಹತ್ತಿರ ಹೋಗಿ ಸಾಲಿನ ಕೊನೆಗೆ ಬೀಳುತ್ತದೆ. ಗಾಳಿಯವನ ಕೈಗೂ 90 ಬರುತ್ತದೆ. ಇಲ್ಲಿಯವರೆಗೆ ನಿಮ್ಮ ಲೆಕ್ಕ ಪಕ್ಕಾ.

ಇನ್ನು ಕೆಲವು ವರ್ಷ ಮುಂದೆ ಹೋಗಿ. ಗಾಳಿ, ಬಿಸಿಲು ಸೇರಿ 900 ಮೆಗಾವಾಟ್ ಆಗಿದೆ. ಅಣು ಸ್ಥಾವರದ 200 ಸೇರಿದರೆ 1,100. ಬೇಕಾಗಿರುವುದು 1,000. ಕಲ್ಲಿದ್ದಲೂ ಬೇಡ, ಅನಿಲವೂ ಬೇಡ. ಆ ಗಂಟೆಯ ಬೆಲೆ ಎಷ್ಟು? ಸೊನ್ನೆ. ತೆರಿಗೆಯನ್ನು 50ರಿಂದ 500ಕ್ಕೆ ಏರಿಸಿದರೂ ಸೊನ್ನೆಯೇ. ಯಾಕೆಂದರೆ ಏನಾದರೊಂದು ಉರಿಯುತ್ತಾ ಬೆಲೆ ನಿರ್ಧರಿಸುವ ಗಂಟೆಯಲ್ಲಿ ಮಾತ್ರ ಇಂಗಾಲದ ತೆರಿಗೆ ಸ್ವಚ್ಛ ಕರೆಂಟಿನವನಿಗೆ ನೆರವಾಗುತ್ತದೆ. ಅವನು ಗೆದ್ದಷ್ಟೂ ಅಂಥ ಗಂಟೆಗಳು ಕಡಿಮೆ, ಅವನ ಆದಾಯವೂ ಕಡಿಮೆ. ಇದು ಬರೀ ಊಹೆಯಲ್ಲ. 2024ರಲ್ಲಿ ಜರ್ಮನಿಯ ಸಗಟು ಬೆಲೆ 457 ಗಂಟೆ ಸೊನ್ನೆಗಿಂತಲೂ ಕೆಳಗಿತ್ತು.

ಸ್ಥಾವರಗಳಿಗೆ ಸಾಲ ಮಂಜೂರು ಮಾಡುವ ಕೆಲಸದಲ್ಲಿದ್ದು ನಿವೃತ್ತರಾದ ಗೆಳೆಯರೊಬ್ಬರು ನನಗಿದ್ದಾರೆ. ಕಲ್ಲಿದ್ದಲಿನವನು ಖರ್ಚಿನ ದೊಡ್ಡ ಪಾಲನ್ನು ಮಾರುತ್ತಾ ಮಾರುತ್ತಾ ಮಾಡುತ್ತಾನೆ, ಗಾಳಿಯವನು ಮೊದಲ ಯೂನಿಟ್ ಮಾರುವ ಮುಂಚೆಯೇ ಹೆಚ್ಚುಕಡಿಮೆ ಎಲ್ಲವನ್ನೂ ಸುರಿದಿರುತ್ತಾನೆ ಅಂತ ಅವರು ಆಗಾಗ ಹೇಳುತ್ತಾರೆ. ಹಾಗಾಗಿ ಗಾಳಿಯ ಕರೆಂಟಿನ ಬೆಲೆಯನ್ನು ಬಹುಪಾಲು ತೀರ್ಮಾನಿಸುವುದು ಬಡ್ಡಿ. ನಾಳೆ ಎಷ್ಟು ಸಿಗುತ್ತದೋ ಗೊತ್ತಿಲ್ಲ ಅಂದರೆ ಬ್ಯಾಂಕು ಬಡ್ಡಿ ಏರಿಸುತ್ತದೆ. ತೆರಿಗೆ ಬದಲು ಟನ್ನಿಗೊಂದರಂತೆ ಹೊಗೆ ಬಿಡುವ ಪರವಾನಗಿಯನ್ನೇ ಮಾರಾಟಕ್ಕಿಟ್ಟರೆ? ಯುರೋಪಿನದನ್ನು ನೋಡಿ. 2005ರಲ್ಲಿ ಶುರು. 2007ಕ್ಕೆ ಬೆಲೆ ಸೊನ್ನೆಯ ಹತ್ತಿರ. 2013ರಲ್ಲಿ 5 ಯೂರೋಗಿಂತ ಕೆಳಗೆ. 2023ರ ಫೆಬ್ರವರಿಯಲ್ಲಿ 100 ದಾಟಿತು. ಇದನ್ನು ನಂಬಿ ಸಾಲ ಕೊಡಲು ಯಾವ ಬ್ಯಾಂಕು ಒಪ್ಪುತ್ತದೆ, ನೀವೇ ಹೇಳಿ.

ನೀವು ಮೂಗು ಮುರಿದ ಆ ಹದಿನೈದು ವರ್ಷದ ಒಪ್ಪಂದ ಇದಕ್ಕೇ ಬೇಕಾಗಿರುವುದು. ಬ್ರಿಟನ್ನಿನದು ನೇರವಾಗಿದೆ. ಮೊದಲೇ ಒಂದು ಬೆಲೆ ಗೊತ್ತುಮಾಡುತ್ತಾರೆ. ಮಾರುಕಟ್ಟೆ ಬೆಲೆ ಅದಕ್ಕಿಂತ ಇಳಿದರೆ ಸ್ಥಾವರಕ್ಕೆ ಕೊರತೆ ತುಂಬಿಕೊಡುತ್ತಾರೆ, ಏರಿದರೆ ಸ್ಥಾವರ ಹೆಚ್ಚಿನದನ್ನು ವಾಪಸ್ ಕಟ್ಟಬೇಕು. ಆ ಬೆಲೆ ಎಷ್ಟು ಅಂತ ಹರಾಜಿನಲ್ಲಿ ತೀರ್ಮಾನ. ಸ್ಪರ್ಧೆ ಎಲ್ಲಿಗೂ ಓಡಿಹೋಗಿಲ್ಲ, ಸ್ಥಾವರ ಕಟ್ಟುವ ಮುಂಚಿನ ಹಂತಕ್ಕೆ ಬಂದಿದೆ, ಅಷ್ಟೆ. 2015ರ ಮೊದಲ ಹರಾಜಿನಲ್ಲಿ ಸಮುದ್ರದ ಗಾಳಿಯ ಕರೆಂಟು ಮೆಗಾವಾಟ್-ಗಂಟೆಗೆ 120 ಪೌಂಡ್‌ನ ಆಸುಪಾಸಿನಲ್ಲಿತ್ತು. 2019ಕ್ಕೆ 40ರ ಹತ್ತಿರ ಇಳಿಯಿತು, ಎರಡೂ 2012ರ ಬೆಲೆಮಟ್ಟದ ಲೆಕ್ಕದಲ್ಲಿ. 2022ರಲ್ಲಿ ಅನಿಲದ ಬೆಲೆ ಆಕಾಶಕ್ಕೇರಿದಾಗ ಈ ಒಪ್ಪಂದಗಳಡಿ ದುಡ್ಡು ತಿರುಗಿ ಬಳಕೆದಾರರ ಕಡೆಗೆ ಹರಿದದ್ದೂ ಉಂಟು. ಬರೀ ತೆರಿಗೆ ಇದ್ದಿದ್ದರೆ ಆ ಲಾಭವೆಲ್ಲ ಯಾರ ಜೇಬಿಗೆ ಹೋಗುತ್ತಿತ್ತು?

ಒಪ್ಪಂದ ಬರೆಯುವವರೂ ಎಡವುತ್ತಾರೆ. ಆಗಷ್ಟೇ ಕಟ್ಟಿ ಮುಗಿಸಿದ ಕೆಲವು ಗಾಳಿ ಸ್ಥಾವರಗಳು ಒಪ್ಪಂದ ಶುರುವಾಗುವ ದಿನವನ್ನು ಮುಂದೂಡಿ, ಅದೇ ಏರಿದ ಬೆಲೆಗೆ ಕರೆಂಟು ಮಾರಿಕೊಂಡವು. ನಿಯಮದಲ್ಲಿ ಸಂದಿ ಇತ್ತು, ನುಸುಳಿದರು. 2023ರ ಹರಾಜಿನಲ್ಲಿ ಸರ್ಕಾರ ಇಟ್ಟ ಗರಿಷ್ಠ ಬೆಲೆ ತೀರಾ ಕಡಿಮೆಯಾಗಿ ಸಮುದ್ರದ ಗಾಳಿಗೆ ಒಬ್ಬನೂ ಬಿಡ್ ಹಾಕಲಿಲ್ಲ. ಮರುವರ್ಷ ಮಿತಿ ಏರಿಸಿದ ಮೇಲೆ ಬಂದರು. ಹಾಗಂತ ಒಪ್ಪಂದವೇ ಬೇಡ ಅನ್ನುವುದಾ? ಇನ್ನಷ್ಟು ಹುಷಾರಾಗಿ ಬರೆಯಬೇಕು. ಯುರೋಪಿಯನ್ ಒಕ್ಕೂಟವೂ 2024ರ ಸುಧಾರಣೆಯಲ್ಲಿ ಇಂಥ ಎರಡೂ ಕಡೆಯ ಒಪ್ಪಂದಕ್ಕೇ ಬಂದಿದೆ.

"ಸರ್ಕಾರ ನಡುವೆ ನಿಂತರೆ ಅದು ಮಾರುಕಟ್ಟೆಯೇ ಅಲ್ಲ" ಎಂಬ ಮಾತು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಕರೆಂಟಿನ ಮಾರುಕಟ್ಟೆ ಯಾವತ್ತು ತಾನಾಗಿ ಹುಟ್ಟಿತು? 1982ರಲ್ಲಿ ಚಿಲಿ, 1990ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್, 1991ರಲ್ಲಿ ನಾರ್ವೆ, ಎಲ್ಲ ಕಡೆ ಕಾನೂನು ಬರೆದೇ ಹುಟ್ಟಿಸಿದ್ದು. ಗಂಟೆಗೊಮ್ಮೆ ಬೆಲೆಯೋ, ಐದು ನಿಮಿಷಕ್ಕೊಮ್ಮೆಯೋ? ಅದೂ ನಿಯಮವೇ. ಆಸ್ಟ್ರೇಲಿಯಾ 2021ರಲ್ಲಿ ಅರ್ಧ ಗಂಟೆಯ ಲೆಕ್ಕ ಬಿಟ್ಟು ಐದು ನಿಮಿಷದ ಲೆಕ್ಕಕ್ಕೆ ಬಂತು. ಕ್ಷಣದಲ್ಲಿ ಓಗೊಡುವ ಬ್ಯಾಟರಿಗಳಿಗೆ ಅದರಿಂದ ನ್ಯಾಯ ಸಿಕ್ಕಿತು. ದೇಶಕ್ಕೆಲ್ಲ ಒಂದೇ ಬೆಲೆಯೋ, ಜಾಗಕ್ಕೊಂದು ಬೆಲೆಯೋ? ಅದೂ ನಿಯಮವೇ. ಬ್ರಿಟನ್ನಿನಲ್ಲಿ ಒಂದೇ ಬೆಲೆ. ಸ್ಕಾಟ್ಲೆಂಡಿನ ಗಾಳಿ ಕರೆಂಟು ದಕ್ಷಿಣಕ್ಕೆ ಸಾಗಲು ತಂತಿ ಸಾಲದೆ ಬಂದಾಗ ಉತ್ತರದಲ್ಲಿ ರೆಕ್ಕೆ ನಿಲ್ಲಿಸಲು ದುಡ್ಡು, ದಕ್ಷಿಣದಲ್ಲಿ ಅನಿಲ ಉರಿಸಲೂ ದುಡ್ಡು. ಜಾಗಕ್ಕೊಂದು ಬೆಲೆ ಇಡುವ ಯೋಚನೆ ಬಹಳ ಕಾಲ ನಡೆದು, 2025ರಲ್ಲಿ ಕೈಬಿಟ್ಟರು. ಟೆಕ್ಸಾಸ್‌ನಲ್ಲಿ 2021ರ ಫೆಬ್ರವರಿಯ ಚಳಿಗೆ ಜನ ಸತ್ತರು. ಸಗಟು ಬೆಲೆ ಮೆಗಾವಾಟ್-ಗಂಟೆಗೆ 9,000 ಡಾಲರ್‌ನಲ್ಲಿ ದಿನಗಟ್ಟಲೆ ನಿಂತಿತ್ತು. ಆ 9,000 ಕೂಡ ಗರಿಷ್ಠ ಮಿತಿ ಅಂತ ಯಾರೋ ಕೂತು ಬರೆದ ಅಂಕಿಯೇ ಅಲ್ವಾ?

ಇಷ್ಟೆಲ್ಲ ತೀರ್ಮಾನ ಎಲ್ಲಿ ಆಗುತ್ತದೆ, ಯಾರು ಮಾಡುತ್ತಾರೆ? ನಿಯಂತ್ರಕರು ಕರಡು ಹೊರಡಿಸುತ್ತಾರೆ, ಆಕ್ಷೇಪಣೆ ಕರೆಯುತ್ತಾರೆ. ಹಳೆಯ ಸ್ಥಾವರಗಳ ವಕೀಲರು ಕಟ್ಟುಗಟ್ಟಲೆ ಬರೆದು ಕಳಿಸುತ್ತಾರೆ. ಬಿಲ್ಲು ಕಟ್ಟುವವರಿಂದ ಒಂದು ಹಾಳೆಯೂ ಹೋಗುವುದಿಲ್ಲ. ಪತ್ರಿಕೆಯವರಾದ ನಾವು ಸ್ಥಾವರದ ಉದ್ಘಾಟನೆಗೆ ಫೋಟೋ ಸಮೇತ ಮುಖಪುಟ ಕೊಡುತ್ತೇವೆ. ಆ ಸ್ಥಾವರ ಮೂವತ್ತು ವರ್ಷ ಹೇಗೆ ಸಂಪಾದಿಸಬೇಕು ಅಂತ ಹೇಳುವ ನಿಯಮಕ್ಕೆ ಒಳಪುಟದ ಮೂಲೆಯನ್ನೂ ಕೊಡುವುದಿಲ್ಲ. "ಓದುಗರಿಗೆ ಅರ್ಥವಾಗಲ್ಲ" ಅಂತ ನೆಪ. ಮೇಲಿನ 1,000 ಮೆಗಾವಾಟ್ ಲೆಕ್ಕದಲ್ಲಿ ಕೂಡಿಸು-ಕಳೆ ಬಿಟ್ಟರೆ ಇನ್ನೇನಿತ್ತು?

ತೆರಿಗೆ ಇರಲಿ, ನಾನು ಬೇಡ ಅನ್ನುವುದಿಲ್ಲ. ನಿಮ್ಮಲ್ಲಿ ನನ್ನ ಕೋರಿಕೆ ಬೇರೆ. ಮುಂದಿನ ಸಲ ಇಂಥ ಕರಡು ಹೊರಬಿದ್ದಾಗ ಅದನ್ನು ಪೂರ್ತಿ ಓದಿ. ಬೆಲೆ ಸೊನ್ನೆಗಿಳಿದ ಗಂಟೆಯಲ್ಲಿ ಯಾರಿಗೆ ಏನು ಸಿಗುತ್ತದೆ, ಬೆಲೆ ಗಗನಕ್ಕೇರಿದಾಗ ಹೆಚ್ಚಿನದನ್ನು ಯಾರು ವಾಪಸ್ ಕಟ್ಟುತ್ತಾರೆ ಅನ್ನುವ ಎರಡು ಜಾಗಕ್ಕೆ ಗೆರೆ ಹಾಕಿ. ನಿಮ್ಮ ಆಕ್ಷೇಪಣೆ ಬರೆದು ನಿಯಂತ್ರಕರಿಗೆ ಕಳಿಸಿ, ಒಂದು ಪ್ರತಿ ನನಗೂ ಹಾಕಿ. ನನ್ನ ವಾದಕ್ಕೆ ವಿರುದ್ಧವಾಗಿದ್ದರೂ ಒಂದಕ್ಷರ ಬಿಡದೆ ಅಚ್ಚು ಮಾಡುತ್ತೇನೆ.

— ಸಂ.