ಬ್ಯಾಕ್ಟೀರಿಯಾ ಪುಡಿ ಆಮೇಲೆ, ಮೊದಲು ಯೂರಿಯಾದ ಲೆಕ್ಕ

ದೋಣಿ ರಿಪೇರಿಯ ಅಂಗಳ, ಡೀಸೆಲ್ ಮತ್ತು ಸುಟ್ಟ ಆಯಿಲ್ ಕುಡಿದು ಕಪ್ಪಾದ ಮರಳು, ಹತ್ತು ಹೆಜ್ಜೆ ಆಚೆ ಅಳಿವೆ. "ಈ ಎಣ್ಣೆ ತಿಂದು ಮಣ್ಣು ಶುದ್ಧ ಮಾಡಲು ಯಾವ ಕಂಪನಿಯ ಬ್ಯಾಕ್ಟೀರಿಯಾ ಪುಡಿ ತರಲಿ?" ಎಂದು ಕೇಳಿದ್ದೀರಿ. ನಾನೂ ಇದೇ ಪ್ರಶ್ನೆಯಿಂದಲೇ ಶುರು ಮಾಡಿದ್ದು. ಈಗ ಕೇಳಿದರೆ, ಯಾವುದನ್ನೂ ತರಬೇಡಿ ಎನ್ನುತ್ತೇನೆ. ವರ್ಷಗಟ್ಟಲೆ ಡೀಸೆಲ್ ಸುರಿದ ಮಣ್ಣಿನಲ್ಲಿ ಬದುಕಿ ಉಳಿದಿರುವ ಜೀವಿಗಳೇ ಎಣ್ಣೆ ತಿನ್ನುವಂಥವು. ಅವಕ್ಕೆ ಕೊರತೆ ಇರುವುದು ಗಾಳಿ, ಸಾರಜನಕ, ರಂಜಕ. ಅವನ್ನು ಕೊಡುವಾಗಲೇ ನಾವು ಎಡವಿದ್ದು.

ಎಣ್ಣೆ ಮಣ್ಣು ಹರಡಿ ಶುದ್ಧ ಮಾಡಲು ಕಟ್ಟಿದ ನಮ್ಮ ಮಡಿ ಏಳು ಮೀಟರ್ ಉದ್ದ, ಐದು ಮೀಟರ್ ಅಗಲ, 30 ಸೆಂ.ಮೀ. ದಪ್ಪ. ಅಡಿಗೆ ದಪ್ಪ ಪ್ಲಾಸ್ಟಿಕ್ ಶೀಟು, ಸುತ್ತ ಒಂದಡಿ ಬದು, ಒಂದು ಮೂಲೆಗೆ ಇಳಿಜಾರು, ಅಲ್ಲಿ ಬಸಿದ ನೀರಿಗೆ ಹೂತ ಡ್ರಮ್ಮು. ಮಣ್ಣು ಸುಮಾರು 15 ಟನ್. ಲ್ಯಾಬ್ ವರದಿಯಲ್ಲಿ ಎಣ್ಣೆ ಕೆ.ಜಿ.ಗೆ 20 ಗ್ರಾಂ, ಅಂದರೆ ಒಟ್ಟು 300 ಕೆ.ಜಿ.; ಅದರಲ್ಲಿ ಇಂಗಾಲ ಹೆಚ್ಚುಕಡಿಮೆ 255 ಕೆ.ಜಿ. ಕೈಪಿಡಿಗಳ ಸೂತ್ರ ನಿಮಗೂ ಗೊತ್ತಿರಬಹುದು: ಇಂಗಾಲ 100ಕ್ಕೆ ಸಾರಜನಕ 10, ರಂಜಕ 1. ಆ ಲೆಕ್ಕಕ್ಕೆ ಸಾರಜನಕ 25 ಕೆ.ಜಿ. ಬೇಕು. 45 ಕೆ.ಜಿ.ಯ ಒಂದು ಚೀಲ ಯೂರಿಯಾ, 12 ಕೆ.ಜಿ. ಡಿಎಪಿ (ಸಾರಜನಕದ ಜತೆ ರಂಜಕವೂ ಇರುವ ಗೊಬ್ಬರ) ಹಾಕಿದರೆ ಹತ್ತಿರಹತ್ತಿರ ಅಷ್ಟಾಗುತ್ತದೆ. ಒಂದೇ ದಿನ ಎಲ್ಲವನ್ನೂ ಸುರಿದು, ಮಗುಚಿ, ಟಾರ್ಪಾಲು ಮುಚ್ಚಿದೆವು.

ಮೂರನೇ ದಿನ ಟಾರ್ಪಾಲು ಎತ್ತಿದರೆ ಕಣ್ಣು ಉರಿಯುವಷ್ಟು ಅಮೋನಿಯ ವಾಸನೆ. 8 ಇದ್ದ ಪಿಎಚ್ (ಹುಳಿ-ಕ್ಷಾರದ ಅಳತೆ, ಏರಿದಷ್ಟೂ ಕ್ಷಾರ) 9.2 ಆಗಿತ್ತು. ಎರಡು ವಾರದ ನಂತರ ಅಳೆದಾಗ, ಏನೂ ಹಾಕದೆ ಪಕ್ಕದಲ್ಲಿಟ್ಟಿದ್ದ ತೊಟ್ಟಿಯ ಮಣ್ಣೇ ನಮ್ಮ ಮಡಿಗಿಂತ ಹೆಚ್ಚು ಉಸಿರಾಡುತ್ತಿತ್ತು, ಅಂದರೆ ಅದರ ಜೀವಿಗಳೇ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಡುತ್ತಿದ್ದವು.

ತಪ್ಪು ಗುಣಾಕಾರದಲ್ಲಿರಲಿಲ್ಲ. ಏನನ್ನು ಏನಕ್ಕೆ ಹೋಲಿಸಬೇಕು ಎಂಬುದರಲ್ಲಿತ್ತು. ಸೂಕ್ಷ್ಮಜೀವಿ ಇರುವುದು ಮರಳಿನ ಕಣಗಳ ನಡುವಿನ ನೀರಿನ ಪೊರೆಯಲ್ಲಿ, ಗೊಬ್ಬರ ಕರಗುವುದೂ ಆ ನೀರಿನಲ್ಲೇ. ನಮ್ಮ ಮಣ್ಣಿನ ತೇವ 12%. 15 ಟನ್ನಿನಲ್ಲಿ 1,800 ಲೀಟರ್ ನೀರು. 23 ಕೆ.ಜಿ. ಸಾರಜನಕ ಅಷ್ಟರಲ್ಲಿ ಕರಗಿದರೆ ಲೀಟರಿಗೆ 12–13 ಗ್ರಾಂ. ಲೀಟರಿಗೆ 2 ಗ್ರಾಂ ದಾಟಿದರೆ ಲಾಭ ನಿಂತು ನಷ್ಟ ಶುರುವಾಗುತ್ತದೆ. ಉಪ್ಪಿನಕಾಯಿ ಕೆಡದಿರುವುದು ಯಾಕೋ, ನಮ್ಮ ಮಡಿಯಲ್ಲಿ ಕೆಲಸ ನಿಂತದ್ದೂ ಅದಕ್ಕೇ: ಹೊರಗೆ ಉಪ್ಪು ಹೆಚ್ಚಾಗಿ ಜೀವಕೋಶದೊಳಗಿನ ನೀರು ಹೊರಬಂತು. ಜತೆಗೆ ಯೂರಿಯಾ ಒಡೆದು ಅಮೋನಿಯಂ ಕಾರ್ಬೊನೇಟ್ ಆಗಿ ಪಿಎಚ್ ಏರಿತು. ಪಿಎಚ್ ಏರಿದಷ್ಟೂ ಅಮೋನಿಯಂ ಅನಿಲವಾಗಿ ತಿರುಗುತ್ತದೆ, ಅದು ವಿಷ. ಜೇಡಿಯೋ ಸಾವಯವವೋ ಇರುವ ಗದ್ದೆಯ ಮಣ್ಣು ಇದನ್ನು ಹಿಡಿದುಕೊಳ್ಳುತ್ತಿತ್ತು. ಕಡಲ ಮರಳಿಗೆ ಆ ಶಕ್ತಿ ಇಲ್ಲ. ಇನ್ನೂ ಒಂದಿದೆ: ಅಳಿದುಳಿದ ಅಮೋನಿಯ ನೈಟ್ರೇಟ್ ಆಗುವಾಗ ಒಂದು ಗ್ರಾಂ ಸಾರಜನಕಕ್ಕೆ ನಾಲ್ಕೂವರೆ ಗ್ರಾಂ ಆಮ್ಲಜನಕ ನುಂಗುತ್ತದೆ. ಎಣ್ಣೆ ಜೀರ್ಣವಾಗಲಿ ಎಂದು ಮಗುಚಿ ಕೊಟ್ಟ ಗಾಳಿ ಗೊಬ್ಬರಕ್ಕೇ ಖರ್ಚು.

ಆದ್ದರಿಂದ ಲೆಕ್ಕವನ್ನು ನೀರಿನಿಂದ ಶುರು ಮಾಡಿ. 1,800 ಲೀಟರಿಗೆ 2 ಗ್ರಾಂ ಎಂದರೆ ಸಾರಜನಕ 3.6 ಕೆ.ಜಿ.; ಕಡಲ ಬದಿಯ ಮಣ್ಣಿನಲ್ಲಿ ಮೊದಲೇ ಉಪ್ಪಿರುವುದರಿಂದ ಅದರ ಅರ್ಧ ಸಾಕು. 15 ಟನ್ನಿಗೆ ಒಂದು ಸಲಕ್ಕೆ ಮೂರೂವರೆ ಕೆ.ಜಿ. ಯೂರಿಯಾ, ಒಂದು ಕೆ.ಜಿ. ಡಿಎಪಿ. ಡಿಎಪಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಿ, 100 ಲೀಟರ್ ಸಿಹಿನೀರಿನಲ್ಲಿ ಎರಡನ್ನೂ ಕಲಸಿ ಹೂಜಿಯಲ್ಲಿ ಸಮನಾಗಿ ಚಿಮುಕಿಸಿ, ಅದೇ ದಿನ ಮಗುಚಿ. ಮತ್ತೆ ಹಾಕುವುದು ಮೂರು-ನಾಲ್ಕು ವಾರಕ್ಕೊಮ್ಮೆ, ಅದೂ ಮಣ್ಣಿನ ಅಮೋನಿಯಂ, ನೈಟ್ರೇಟ್ ಇಳಿದಿದ್ದರೆ ಮಾತ್ರ. ಸತ್ತ ಜೀವಿಗಳ ಸಾರಜನಕ ಮತ್ತೆ ಬಳಕೆಗೆ ಬರುತ್ತದೆ, ಆದ್ದರಿಂದ ಸೂತ್ರ ಹೇಳುವ ಚೀಲ ಪೂರ್ತಿ ಖಾಲಿಯಾಗಬೇಕಿಲ್ಲ.

ಗೊಬ್ಬರಕ್ಕಿಂತ ಗಾಳಿಯ ಕೆಲಸವೇ ದೊಡ್ಡದು. ಒಂದು ಕೆ.ಜಿ. ಎಣ್ಣೆ ಪೂರ್ತಿ ಜೀರ್ಣವಾಗಲು ಮೂರು ಕೆ.ಜಿ.ಗೂ ಹೆಚ್ಚು ಆಮ್ಲಜನಕ ಬೇಕು, 300 ಕೆ.ಜಿ. ಎಣ್ಣೆಗೆ ಸುಮಾರು ಒಂದು ಟನ್. ವಾರಕ್ಕೆ ಎರಡು ಸಲ ತಳದವರೆಗೆ ಮಗುಚಬೇಕು, ಶೀಟು ಹರಿಯದಂತೆ. ತೆಂಗಿನ ನಾರಿನ ಪುಡಿಯನ್ನು ಗಾತ್ರದ ಹತ್ತನೇ ಒಂದು ಪಾಲು ಬೆರೆಸಿದರೆ ಮಣ್ಣು ಸಡಿಲಾಗುತ್ತದೆ. ಆ ನಾರಿನ ಪುಡಿಯನ್ನು ಉಪ್ಪು ಇಳಿಯುವಂತೆ ಮೊದಲೇ ತೊಳೆದಿರಿ. ಸಗಣಿ ಬೇಡ. ಎಣ್ಣೆಗಿಂತ ಸುಲಭದ ಊಟ ಎದುರಿಗಿಟ್ಟರೆ ಗಾಳಿ ಅದಕ್ಕೇ ಹೋಗುತ್ತದೆ. ಸಲಿಕೆಯಿಂದ ಒಂದು ಹೋಳು ಕಡಿದು ನೋಡಿ: ಮೇಲೆ ಕಂದು, ಕೆಳಗೆ ನಾಲ್ಕು ಬೆರಳು ಕಪ್ಪು, ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಗಾಳಿ ತಳ ಮುಟ್ಟಿಲ್ಲ. ಸಮುದ್ರದ ನೀರಿನ ಸಲ್ಫೇಟ್ ಬಳಸುವ ಜೀವಿಗಳು ಅಲ್ಲಿ ಸೇರಿಕೊಂಡಿವೆ. ತೇವ ಎಷ್ಟಿರಬೇಕೆಂದರೆ, ಮುಷ್ಟಿಯಲ್ಲಿ ಹಿಂಡಿದಾಗ ಉಂಡೆ ಕಟ್ಟಬೇಕು, ಬೆರಳ ಸಂದಿಯಲ್ಲಿ ನೀರು ಜಿನುಗಬಾರದು.

ಇಷ್ಟಾದರೂ ಬ್ಯಾಕ್ಟೀರಿಯಾ ಪುಡಿ ಬೇಕೇ ಅನ್ನಿಸಿದರೆ ಜಾಡಿಯಲ್ಲಿ ಪರೀಕ್ಷಿಸಿ. ಒಂದು ಲೀಟರಿನ ಗಾಜಿನ ಜಾಡಿಗಳು, ಒಂದೊಂದರಲ್ಲೂ 200 ಗ್ರಾಂ ಮಣ್ಣು: ಒಂದರಲ್ಲಿ ಬರೀ ಮಣ್ಣು, ಇನ್ನೊಂದಕ್ಕೆ 47 ಮಿ.ಗ್ರಾಂ ಯೂರಿಯಾ ಮತ್ತು 13 ಮಿ.ಗ್ರಾಂ ಡಿಎಪಿ, ಮೂರನೆಯದಕ್ಕೆ ಗೊಬ್ಬರ ಮತ್ತು ಪುಡಿ, ನಾಲ್ಕನೆಯದಕ್ಕೆ ಗೊಬ್ಬರ ಮತ್ತು ಕುಕ್ಕರಿನಲ್ಲಿ ಬೇಯಿಸಿ ಕೊಂದ ಪುಡಿ. ಐದನೆಯದು ಖಾಲಿ. ಎಲ್ಲದರೊಳಗೂ ಸಣ್ಣ ಲೋಟದಲ್ಲಿ 20 ಮಿ.ಲೀ. 1 ನಾರ್ಮಲ್ (ದ್ರಾವಣದ ಗಾಢತೆಯ ಲ್ಯಾಬ್ ಅಳತೆ) ಕಾಸ್ಟಿಕ್ ಸೋಡಾ ಇಟ್ಟು ಬಿಗಿಯಾಗಿ ಮುಚ್ಚಿ. ಜೀವಿಗಳು ಬಿಡುವ ಇಂಗಾಲದ ಡೈಆಕ್ಸೈಡನ್ನು ಅದು ಹೀರಿಕೊಳ್ಳುತ್ತದೆ. ಎರಡು ದಿನಕ್ಕೊಮ್ಮೆ ಆ ದ್ರಾವಣ ಬದಲಿಸಿ, ತೆಗೆದದ್ದಕ್ಕೆ ಬೇರಿಯಂ ಕ್ಲೋರೈಡ್ ಹಾಕಿ, 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಿಂದ ಟೈಟ್ರೇಟ್ ಮಾಡಬೇಕು, ಅಂದರೆ ಉಳಿದ ಸೋಡಾಕ್ಕೆ ಎಷ್ಟು ಆಮ್ಲ ಹಿಡಿಯುತ್ತದೆ ಎಂದು ಅಳೆಯಬೇಕು. ಬೇರಿಯಂ ವಿಷ, ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲೇ ಮಾಡಿಸಿ. ಖಾಲಿ ಜಾಡಿಗಿಂತ ಎಷ್ಟು ಮಿ.ಲೀ. ಆಮ್ಲ ಕಡಿಮೆ ಹಿಡಿಯಿತೋ ಅದನ್ನು 22ರಿಂದ ಗುಣಿಸಿದರೆ ಮಿ.ಗ್ರಾಂ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್. ಯೂರಿಯಾ ಒಡೆಯುವಾಗ ತಾನೇ ಸುಮಾರು 34 ಮಿ.ಗ್ರಾಂ ಕೊಡುತ್ತದೆ, ಅದನ್ನು ಕಳೆಯಿರಿ. ಕೊಂದ ಪುಡಿಯ ಜಾಡಿ ಯಾಕೆಂದರೆ, ಇಂಥ ಪುಡಿಗಳಲ್ಲಿ ಎಷ್ಟೋ ತೌಡಿನಲ್ಲಿ ಬೆರೆಸಿದವು. ಮೊದಲ ವಾರ ಉಸಿರು ಜೋರಾಗಿ ಕಂಡರೆ ಅದು ತೌಡು ಕೊಳೆಯುವ ಉಸಿರೂ ಆಗಿರಬಹುದು. ಎರಡು ವಾರದ ಮೇಲೆ ನಮ್ಮ ಎರಡನೇ, ಮೂರನೇ, ನಾಲ್ಕನೇ ಜಾಡಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಇದು ನಮ್ಮ ಅಂಗಳದ ವಿಚಿತ್ರವೇನಲ್ಲ. 1989ರ ಮಾರ್ಚ್ 24ರಂದು ಅಲಾಸ್ಕದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಸುಮಾರು 1.1 ಕೋಟಿ ಗ್ಯಾಲನ್ ಕಚ್ಚಾ ತೈಲ ಚೆಲ್ಲಿದಾಗ ದಡದುದ್ದಕ್ಕೂ ಹಾಕಿದ್ದು ಗೊಬ್ಬರ: ಎಣ್ಣೆಗೆ ಅಂಟುವ ಇನಿಪಾಲ್ ದ್ರವ, ನಿಧಾನ ಕರಗುವ ಕಸ್ಟಂಬ್ಲೆನ್ ಗುಳಿಗೆ. ಹೊರಗಿನ ಬ್ಯಾಕ್ಟೀರಿಯಾವನ್ನೂ ಅಲ್ಲಿ ಪ್ರಯೋಗಿಸಿದ್ದರು, ಗೊಬ್ಬರವನ್ನು ಮೀರಿಸಲಿಲ್ಲ. ಎಣ್ಣೆ ತಿನ್ನುವಂತೆ ವಿಜ್ಞಾನಿ ಆನಂದ ಮೋಹನ್ ಚಕ್ರವರ್ತಿ ರೂಪಿಸಿದ ಬ್ಯಾಕ್ಟೀರಿಯಾ ಸೂಡೊಮೊನಾಸ್‌ಗೆ ಪೇಟೆಂಟ್ ಸಲ್ಲುತ್ತದೆ ಎಂದು 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, ಜಗತ್ತೆಲ್ಲ ಸುದ್ದಿ, ಆದರೆ ಅದನ್ನು ಕಡಲ ಎಣ್ಣೆಗೆ ಯಾರೂ ಬಿಡಲಿಲ್ಲ. ಟೆರಿ ಎಂಬ ಸಂಶೋಧನಾ ಸಂಸ್ಥೆಯ ಬ್ಯಾಕ್ಟೀರಿಯಾ ಮಿಶ್ರಣ ಆಯಿಲ್‌ಝಾಪರ್ ನಮ್ಮ ದೇಶದಲ್ಲಿ ತೈಲ ಕೆಸರಿಗೆ ಬಳಕೆಯಲ್ಲಿದೆ ನಿಜ, ಅದೂ ಮಗುಚಿ, ನೀರು ಗೊಬ್ಬರ ಕೊಟ್ಟೇ.

ಏನೇ ಮಾಡಿದರೂ ಹೋಗದ್ದು ಇದೆ. ದೋಣಿಯ ತಳ ಕೆರೆದಾಗ ಬೀಳುವ ಬಣ್ಣದ ಸಿಪ್ಪೆಯಲ್ಲಿ ತಾಮ್ರವಿರುತ್ತದೆ, ಅದನ್ನು ಯಾವ ಜೀವಿಯೂ ಇಲ್ಲವಾಗಿಸದು. ಮೊದಲೇ ಗುಡಿಸಿ, ಜರಡಿ ಹಿಡಿದು ಬೇರೆ ಮಾಡಿ. ಡೀಸೆಲಿನ ಬಹುಪಾಲು ಮೂರು-ನಾಲ್ಕು ತಿಂಗಳಲ್ಲಿ ಹೋಗುತ್ತದೆ, ಸುಟ್ಟ ಆಯಿಲ್ಲಿನ ಭಾರದ ಅಂಶ ಉಳಿಯುತ್ತದೆ. ಎಣ್ಣೆ 5% ಮೀರಿದ್ದರೆ, ಅಥವಾ 2006ರಲ್ಲಿ ಕಾರವಾರದ ಬಳಿ ಓಶನ್ ಸೆರಾಯಾ ಹಡಗಿನಿಂದ ಸೋರಿದಂಥ ದಪ್ಪ ಫರ್ನೇಸ್ ಆಯಿಲ್ ಆಗಿದ್ದರೆ, ಮೊದಲು ಸಲಿಕೆಯಿಂದ ಬಾಚುವುದೇ ದಾರಿ. ಬಾಚಿದ್ದು ಅಪಾಯಕಾರಿ ತ್ಯಾಜ್ಯ. ಮಡಿ ಕಟ್ಟುವ ಮೊದಲೇ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಿಕೊಳ್ಳಿ.

ಕೆಲಸ ನವೆಂಬರಿನಲ್ಲಿ ಶುರುವಾಗಿ ಮೇ ಒಳಗೆ ಮುಗಿಯಬೇಕು. ನಮ್ಮ ಕರಾವಳಿಯ ಮಳೆಗೆ ಯಾವ ಟಾರ್ಪಾಲೂ ನಿಲ್ಲದು. ಐದು ಕಡೆಯ ಮಣ್ಣು ಬೆರೆಸಿ ಗಾಜಿನ ಬಾಟಲಿಯಲ್ಲಿ, ಐಸಿನಲ್ಲಿಟ್ಟು ಲ್ಯಾಬಿಗೆ ಕಳಿಸಿ. ಗೊಬ್ಬರ ಹಾಕದ ತೊಟ್ಟಿಯದನ್ನೂ ಪ್ರತಿ ಸಲ ಕಳಿಸಿ, ಇಲ್ಲದಿದ್ದರೆ ಆವಿಯಾಗಿ ಹೋದ ಡೀಸೆಲನ್ನೂ ಬ್ಯಾಕ್ಟೀರಿಯಾದ ಲೆಕ್ಕಕ್ಕೆ ಬರೆದುಕೊಳ್ಳುತ್ತೀರಿ. ಡ್ರಮ್ಮಿಗೆ ಬಸಿದ ನೀರನ್ನು ಅಳಿವೆಗೆ ಬಿಡಬೇಡಿ. ಮೇಲೆ ತೇಲುವ ಎಣ್ಣೆ ತೆಗೆದು, ಉಪ್ಪು ಏರಿದ್ದರೆ ಸಿಹಿನೀರು ಬೆರೆಸಿ, ಮತ್ತೆ ಮಡಿಗೇ ಹಾಕಿ. ದುಡ್ಡು ಕೊಟ್ಟು ತಂದ ಯೂರಿಯಾ ಅದರಲ್ಲೇ ಇದೆ.