ಸೇಂದಿ ಬಿಟ್ಟ ಮೂರನೇ ರಾತ್ರಿ

(ಗುರುತು ಸಿಗದಂತೆ ವಯಸ್ಸು, ಕೆಲಸ, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಆ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ರಾಯಚೂರು ಜಿಲ್ಲೆಯಲ್ಲಿ, ತೆಲಂಗಾಣ ಗಡಿಗೆ ಹತ್ತಿರದ ಒಂದು ಹಳ್ಳಿಯಿಂದ ತಾಯಿ ಮಗಳು ಸಲಹೆ ಕೇಳಲು ನನ್ನ ಹತ್ತಿರ ಬಂದಿದ್ದರು. ತಾಯಿಗೆ 45ರ ಆಸುಪಾಸು, ಹತ್ತಿ ಬಿಡಿಸುವ ಕೂಲಿ. ಮಗಳು ಪಿಯುಸಿ ಮುಗಿಸಿದ್ದಾಳೆ. ತಾಯಿ ಕೂತವರೇ ಸೆರಗಿನ ಗಂಟು ಬಿಚ್ಚಿ ಒಂದು ಪೊಟ್ಟಣ ಮೇಜಿನ ಮೇಲಿಟ್ಟರು.

"ಮೇಡಮ್ಮಾರ, ಇದನ್ನ ಸಾರಿನಾಗ ಹಾಕಿ ಕೊಟ್ರ ಕುಡಿಯೋದು ಬಿಡ್ತಾರಂತ. ಹಾಕ್ಲೇನ್ರಿ?"

"ಬೇಡ ಅಕ್ಕಾ. ಮೊದಲು ಏನಾಯ್ತು ಹೇಳಿ" ಅಂದೆ.

ಗಂಡ ಇಪ್ಪತ್ತು ವರ್ಷದಿಂದ ಸೇಂದಿ ಕುಡಿಯುತ್ತಿದ್ದರು. ಸೇಂದಿ ಅಂದರೆ ಈಚಲು ಮರದ ರಸ ಅಂತ ಹೊರಗಿನವರು ತಿಳಿಯುತ್ತಾರೆ. ಇಲ್ಲಿ ಕದ್ದು ಮಾರುವ ಸೇಂದಿಯ ಕತೆ ಬೇರೆ. ಅದಕ್ಕೆ ಸಿ.ಎಚ್. ಪೌಡರ್ ಬೆರೆಸುತ್ತಾರೆ. ಸಿ.ಎಚ್. ಅಂದರೆ ಕ್ಲೋರಲ್ ಹೈಡ್ರೇಟ್, ಹಿಂದೆ ನಿದ್ದೆಗೆ ಕೊಡುತ್ತಿದ್ದ ಔಷಧ. ದಿನಾ ಒಳಗೆ ಹೋದರೆ ಮೈ ಅದಕ್ಕೇ ಒಗ್ಗಿಬಿಡುತ್ತದೆ. "ನಮ್ಮವರು ಬ್ರಾಂದಿ ಮುಟ್ಟಲ್ಲ, ಬರೇ ಸೇಂದಿ" ಅಂತ ಸಮಾಧಾನ ಮಾಡಿಕೊಳ್ಳುವ ಮನೆಗಳನ್ನು ಎಷ್ಟೋ ನೋಡಿದ್ದೇನೆ. ನನಗೆ ಜಾಸ್ತಿ ಭಯ ಆಗುವುದು ಅಂಥ ಮನೆಗಳ ಬಗ್ಗೆಯೇ.

ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅಪ್ಪ ದೇವರ ಮುಂದೆ ಆಣೆ ಮಾಡಿ ಒಂದೇ ಏಟಿಗೆ ಕುಡಿತ ಬಿಟ್ಟರು. ಮೊದಲ ದಿನ ಕೈ ನಡುಗಿತು. ಎರಡನೇ ದಿನ ಪೂರ್ತಿ ನಿದ್ದೆ ಇಲ್ಲ, ಮೈಯೆಲ್ಲಾ ಬೆವರು. ಮೂರನೇ ರಾತ್ರಿ ಗೋಡೆ ಮೇಲೆ ಹುಳ ಹರಿದಾಡ್ತಾವೆ ಅಂತ ಕೈಯಿಂದ ಬಡಿಯತೊಡಗಿದರು. ಮಗಳನ್ನೇ "ನೀ ಯಾರು" ಅಂತ ಕೇಳಿದರು. ಬೆಳಗಿನ ಜಾವ ಫಿಟ್ಸ್ ಬಂತು.

ಊರಿನವರು ಗಾಳಿ ಸೋಕಿದೆ ಅಂದರು. ನಿಂಬೆಹಣ್ಣು ಇಳಿಸಿದರು, ತಾಯಿತ ಕಟ್ಟಿಸಿದರು. ಕೊನೆಗೆ ಯಾರೋ ಹಿರಿಯರು ಒಂದು ಲೋಟ ಸೇಂದಿ ತರಿಸಿ ಕುಡಿಸಿದರು. ಒಂದು ತಾಸಿನಲ್ಲಿ ಮನುಷ್ಯ ತಣ್ಣಗಾದರು. ಅವತ್ತಿನಿಂದ ಮನೆಯಲ್ಲಿ ಒಂದು ನಂಬಿಕೆ ಕೂತಿತು: ಈತ ಬಿಟ್ಟರೆ ಸಾಯುತ್ತಾನೆ, ಸೇಂದಿಯೇ ಈತನಿಗೆ ಮದ್ದು.

ಅವರ ಲೆಕ್ಕದಲ್ಲಿ ಅರ್ಧ ಸತ್ಯ ಇತ್ತು. ಹಾಗಾಗಿ ನಾನು ಮೂಢನಂಬಿಕೆ ಅಂತ ತಳ್ಳಿಹಾಕಲಿಲ್ಲ. ಬಹಳ ವರ್ಷ ಕುಡಿದ ಮೈ ಇದ್ದಕ್ಕಿದ್ದಂತೆ ಅದು ಸಿಗದಿದ್ದರೆ ಹೀಗೇ ತಿರುಗಿ ಬೀಳುತ್ತದೆ. ಸಾರಾಯಿ, ಬ್ರಾಂದಿ ಬಿಟ್ಟವರಲ್ಲೂ ಇದೇ ಪಾಡು. ನಡುಕ ಮೊದಲ ದಿನವೇ ಶುರು. ಫಿಟ್ಸ್ ಬಂದರೆ ಸಾಮಾನ್ಯವಾಗಿ ಎರಡು ದಿನದೊಳಗೆ. ಯಾರು ಏನು ಅಂತ ಗೊತ್ತಾಗದ ಗೊಂದಲ ಎರಡರಿಂದ ನಾಲ್ಕನೇ ದಿನದ ನಡುವೆ. ಇದರಲ್ಲಿ ಜೀವ ಹೋಗುವುದೂ ಉಂಟು. ಅಂದರೆ ಆ ಮೂರನೇ ರಾತ್ರಿ ಅವರು ಹೋಗಬೇಕಾಗಿದ್ದು ಆಸ್ಪತ್ರೆಗೆ. ಅಲ್ಲಿ ಸೇಂದಿಯ ಜಾಗದಲ್ಲಿ ಬೇರೆ ಮಾತ್ರೆ ಕೊಟ್ಟು, ಅದನ್ನು ದಿನದಿಂದ ದಿನಕ್ಕೆ ಇಳಿಸುತ್ತಾ ಬರುತ್ತಾರೆ. ಜೊತೆಗೆ ಬಿ-1 ವಿಟಮಿನ್ ಕೊಡುತ್ತಾರೆ. "ಅವರಿಗೆ ಮನಸ್ಸು ಗಟ್ಟಿ ಇಲ್ಲ ಅಂತಲ್ಲ ಅಕ್ಕಾ. ಆಣೆ ಉಳಿಸಿಕೊಳ್ಳೋಕೆ ಮೈ ಬಿಡಲಿಲ್ಲ ಅಷ್ಟೇ" ಅಂದಾಗ ಆ ತಾಯಿ ಮೊದಲ ಸಲ ಅತ್ತರು.

ಪೊಟ್ಟಣದ ಮಾತಿಗೆ ಬಂದೆವು. ಇಂಥ ಪುಡಿಗಳಲ್ಲಿ ಏನಿರುತ್ತದೆ ಅಂತ ಮಾರುವವರು ಹೇಳುವುದಿಲ್ಲ. ಡೈಸಲ್ಫಿರಾಮ್ ಎನ್ನುವ ಔಷಧ ಇದ್ದರಂತೂ ಅಪಾಯ. ಅದು ಮೈಯಲ್ಲಿದ್ದಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿ.ಪಿ. ಕುಸಿಯಬಹುದು. ವೈದ್ಯರು ಅದನ್ನು ಕೊಡುತ್ತಾರೆ ನಿಜ. ಆದರೆ ತಪಾಸಣೆ ಮಾಡಿ, ಕುಡಿಯುವವರಿಗೆ ವಿಷಯ ತಿಳಿಸಿ, ಒಪ್ಪಿಗೆ ಪಡೆದು ಕೊಡುತ್ತಾರೆ. ಕದ್ದು ಸಾರಿಗೆ ಹಾಕುವುದು ಗಂಡನ ಜೀವಕ್ಕೂ ಕುತ್ತು, ನಾಳೆ ಗೊತ್ತಾದರೆ ನಂಬಿಕೆಗೂ ಕುತ್ತು. ಅವರು ಪೊಟ್ಟಣವನ್ನು ನನ್ನ ಹತ್ತಿರವೇ ಬಿಟ್ಟು ಹೋದರು.

"ನಮ್ಮಣ್ಣ ಧಾರವಾಡಕ್ಕ ಒಯ್ಯಬೇಕು ಅಂತಾನ್ರಿ. ಹದಿನೈದು ದಿನ ಕೂಲಿ ಬಿಟ್ರ ಉಣ್ಣೋದೇನು?"

ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಮಾನಸಿಕ ಆರೋಗ್ಯದ ದೊಡ್ಡ ಸಂಸ್ಥೆಗಳು, ಸರಿ. ಆದರೆ ಮನಸ್ಸಿನ ಕಾಯಿಲೆಗೆ ಜಿಲ್ಲೆಯಲ್ಲೇ, ಹಳ್ಳಿ ಆಸ್ಪತ್ರೆಯಲ್ಲೇ ಔಷಧ ಕೊಡಬಹುದು ಅಂತ ತೋರಿಸಿದ್ದೇ ನಮ್ಮ ಪಕ್ಕದ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಆ ಪ್ರಯೋಗ ಮಾಡಿದರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಇದು ನಮ್ಮ ಭಾಗದವರಿಗೇ ಗೊತ್ತಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ಗೆ ಬೆಳಗ್ಗೆ ಬೇಗ ಹೋಗಿ, ಚೀಟಿ ಮಾಡಿಸುವಾಗ ಮನೋರೋಗ ವಿಭಾಗ ಅಂತ ಹೇಳಿ ಎಂದೆ. ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿಗಳನ್ನು ಜೊತೆಗಿಟ್ಟುಕೊಳ್ಳಲು ಹೇಳಿದೆ. ವೈದ್ಯರ ಮುಂದೆ ಏನು ಹೇಳಬೇಕು ಅಂತ ಮಗಳ ನೋಟ್‌ಬುಕ್ಕಿನಲ್ಲಿ ಬರೆಸಿದೆ: ದಿನಕ್ಕೆ ಎಷ್ಟು ಕುಡಿಯುತ್ತಿದ್ದರು, ಕೊನೆಗೆ ಕುಡಿದಿದ್ದು ಯಾವಾಗ, ಫಿಟ್ಸ್ ಬಂದಿತ್ತು, ಮತ್ತೆ ಮುಖ್ಯವಾಗಿ ಅದು ಪೌಡರ್ ಸೇಂದಿ. ಅಲ್ಲಿಗೆ ಹೋಗುವವರೆಗೆ ಒಮ್ಮೆಲೇ ಬಿಡಿಸಬೇಡಿ, ಮತ್ತೆ ಫಿಟ್ಸ್ ಬಂದರೆ ಕಾಯದೆ 108ಕ್ಕೆ ಫೋನ್ ಮಾಡಿ ಎಂದೂ ಸೇರಿಸಿದೆ. ಸೇಂದಿ ಅಂದರೆ ಪೊಲೀಸರು ಬರ್ತಾರಾ ಅಂತ ಮಗಳಿಗೆ ಭಯ. ಚಿಕಿತ್ಸೆಗೆ ಬಂದವರ ಗುಟ್ಟು ಕಾಪಾಡಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಲ್ಲೇ ಇದೆ. ಕುಡಿತದ, ಮಾದಕ ವಸ್ತುವಿನ ಚಟಕ್ಕೂ ಆ ಕಾಯಿದೆ ಅನ್ವಯಿಸುತ್ತದೆ.

ಎರಡನೇ ಭೇಟಿಯಲ್ಲಿ ಮಗಳನ್ನು ಹೊರಗೆ ಕೂರಿಸಿ ತಾಯಿಯನ್ನು ಕೇಳಿದೆ, "ನಿಮಗೆ ನಿದ್ದೆ ಬರ್ತದಾ ಅಕ್ಕಾ?" ತಿಂಗಳುಗಟ್ಟಲೆ ಸರಿ ನಿದ್ದೆ ಇರಲಿಲ್ಲ. ಊಟ ಸೇರುತ್ತಿರಲಿಲ್ಲ. ಸಾಯಬೇಕು ಅನಿಸಿದ್ದುಂಟಾ ಅಂತ ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಕೇಳಿದರೆ ಎದೆ ಹಗುರಾಗುತ್ತದೆ. ಬಹಳ ಹೊತ್ತು ಸುಮ್ಮನಿದ್ದು, "ಹೊಲಕ್ಕ ಹೊಡಿಯೋ ಎಣ್ಣಿ ಮನ್ಯಾಗೇ ಅದರಿ" ಅಂದರು.

ಅವತ್ತು ಉಳಿದ ಮಾತೆಲ್ಲಾ ಬದಿಗಿಟ್ಟೆ. ಅವರ ಒಪ್ಪಿಗೆ ಕೇಳಿ ಮಗಳನ್ನು ಒಳಗೆ ಕರೆದೆ. ಆ ಕೀಟನಾಶಕದ ಡಬ್ಬಿ ಸಂಜೆಯೊಳಗೆ ದೊಡ್ಡಪ್ಪನ ಮನೆಗೆ ಹೋಗಬೇಕು, ಬೀಗದೊಳಗೆ ಇರಬೇಕು ಎಂದು ಮೂವರೂ ಮಾತಾಡಿಕೊಂಡೆವು. ರಾತ್ರಿ ಮನಸ್ಸು ಕುದಿಯುವಾಗ ಯಾರನ್ನು ಎಬ್ಬಿಸಬೇಕು ಅಂತ ಗೊತ್ತು ಮಾಡಿದೆವು. ನನ್ನ ಮುಂದೆಯೇ ಮಗಳ ಫೋನಿನಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ಗೆ, 14416ಕ್ಕೆ, ಕರೆ ಮಾಡಿಸಿದೆ. ದುಡ್ಡಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಒಂದು ಸಲ ಮಾತಾಡಿದ್ದರೆ ಮಧ್ಯರಾತ್ರಿ ಮತ್ತೆ ಮಾಡಲು ಸಂಕೋಚ ಇರುವುದಿಲ್ಲ. ಗಂಡ ಹೊಡೆಯುತ್ತಾರಾ ಅಂತಲೂ ಕೇಳಿದೆ. ಇಲ್ಲ ಅಂದರು. ಆದರೂ 181 ಮಹಿಳಾ ಸಹಾಯವಾಣಿಯ ನಂಬರ್ ಬರೆದುಕೊಟ್ಟೆ.

ಗಂಡ ಮೊದಲ ಎರಡು ಸಲ ಬರಲೊಪ್ಪಲಿಲ್ಲ. "ನಾನೇನು ಹುಚ್ಚನಾ" ಅನ್ನುವುದೇ ಮಾತು. ಕುಡಿತದ ಬಗ್ಗೆ ಎತ್ತಬೇಡಿ, ನಿದ್ದೆ ಬರಲ್ಲ, ಕೈ ನಡುಗ್ತದೆ ಅಂತಿದ್ದಾರಲ್ಲಾ, ಅದನ್ನು ತೋರಿಸೋಣ ಬಾ ಅಂತ ಕರೆಯಿರಿ ಎಂದೆ. ಅದು ಸುಳ್ಳಲ್ಲ, ಅವರ ತೊಂದರೆಯೂ ಅದೇ. ಮಗಳು ಹಾಗೇ ಕರೆದಳು. ಬಂದರು, ವಾರ್ಡಿನಲ್ಲಿ ಹತ್ತು ದಿನ ಉಳಿದರು.

ಯುಗಾದಿಗೆ ಮತ್ತೆ ಕುಡಿದರು. ಎಲ್ಲಾ ಹೋಯ್ತು ಅಂತ ತಾಯಿ ಫೋನಿನಲ್ಲಿ ಅತ್ತರು. ಹೋಗಿಲ್ಲ ಅಕ್ಕಾ, ನಾಳೆಯೇ ಕರೆದುಕೊಂಡು ಹೋಗಿ, ಬೈಯಬೇಡಿ ಅಂದೆ. ಮೂರೇ ದಿನ ಕುಡಿದು ಆಸ್ಪತ್ರೆಗೆ ಮರಳಿದರು. ಈಗ ದೂರ ಹೋಗುವ ಕಷ್ಟ ಬೇಡ ಅಂತ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರ ಯಾವುದು ಅಂತ ಆಶಾ ಕಾರ್ಯಕರ್ತೆಯಿಂದ ಕೇಳಿಸಿಕೊಂಡಿದ್ದಾರೆ. ಆ ದಿನ ಗಂಡ ಹೆಂಡತಿ ಇಬ್ಬರೂ ಹೋಗುತ್ತಾರೆ. ಈಗ ತಾಯಿಯ ಹೆಸರಿನಲ್ಲೂ ಒಂದು ಚೀಟಿ ಇದೆ.