ರಿವ್ಯೂ ವೆಬ್‌ಸೈಟ್ ಶುರುಮಾಡಿ ಆರು ತಿಂಗಳಾಯಿತು, ಬೆಳೆಯುತ್ತಿಲ್ಲ. ಪ್ರಿಂಟರ್, ಮೊಬೈಲ್ ಸೇರಿ 24 ವಿಭಾಗ, 1,200 ಉತ್ಪನ್ನಗಳ ಪುಟ ಇವೆ, ಬಂದಿರುವ ರಿವ್ಯೂ 300. ಜಾಹೀರಾತಿಗೆ ಹಣ ಹಾಕಬೇಕೇ?

ಈಗಲೇ ಬೇಡ. ನೀವು ಪ್ರಶ್ನೆಯಲ್ಲಿ ಕೊಟ್ಟಿರುವ ಲೆಕ್ಕದಲ್ಲೇ ಕಾರಣ ಕಾಣುತ್ತಿದೆ: 24 ವಿಭಾಗ, 1,200 ಉತ್ಪನ್ನಗಳ ಪುಟ, ಬಂದಿರುವ ರಿವ್ಯೂ 300. ಪುಟಕ್ಕೊಂದರಂತೆ ಹಂಚಿದರೂ ನಾಲ್ಕರಲ್ಲಿ ಮೂರು ಪುಟ ಖಾಲಿ. ಜಾಹೀರಾತು ನೋಡಿ ಬಂದವರು ಆ ಖಾಲಿ ಪುಟಕ್ಕೇ ಬಂದು ಬೀಳುತ್ತಾರೆ, ಮತ್ತೆ ಇತ್ತ ತಲೆ ಹಾಕುವುದಿಲ್ಲ.

ಅದೇ 300 ರಿವ್ಯೂ 60 ಉತ್ಪನ್ನಗಳ ಮೇಲೆ ಬಿದ್ದಿದ್ದರೆ ತಲಾ 5 ಆಗುತ್ತಿತ್ತು, ಅಷ್ಟಿದ್ದರೆ ಓದುಗರಿಗೆ ಹೋಲಿಸಿ ನೋಡಲು ಏನೋ ಸಿಕ್ಕಂತೆ. ಹಾಗಾಗಿ ಒಂದೇ ವಿಭಾಗ ಇಟ್ಟುಕೊಳ್ಳಿ. ಜನ ಕೊಳ್ಳುವ ಮುಂಚೆ ನಾಲ್ಕು ಕಡೆ ವಿಚಾರಿಸುವಂಥ ವಸ್ತು, ಬಳಸಿದ ಮೇಲಷ್ಟೇ ಹುಳುಕು ಗೊತ್ತಾಗುವಂಥ ವಸ್ತು, ಮಾದರಿಗಳು ನೂರರ ಆಸುಪಾಸಿನಲ್ಲಿರುವಂಥ ವಸ್ತು ಆಗಿರಲಿ. ನಿಮ್ಮ ಪಟ್ಟಿಯಲ್ಲಿರುವ ಪ್ರಿಂಟರ್ ಈ ಮೂರಕ್ಕೂ ಹೊಂದುತ್ತದೆ. ಮೊಬೈಲ್ ಫೋನ್ ಬಿಡಿ. ಹತ್ತು ರಿವ್ಯೂ ಕೂಡುವ ಹೊತ್ತಿಗೆ ಮಾದರಿಯೇ ಹಳೆಯದಾಗಿರುತ್ತದೆ.

ದೊಡ್ಡವರೂ ಸುಲಭವಾಗಿ ಬೆಳೆದದ್ದಲ್ಲ. 2004ರಲ್ಲಿ ಶುರುವಾದ, ಅಂಗಡಿ-ಹೋಟೆಲುಗಳ ರಿವ್ಯೂ ಸೈಟ್ ಯೆಲ್ಪ್ ಮೊದಲಿಗೆ ಪರಿಚಿತರಿಗೆ ಇಮೇಲ್ ಕಳಿಸಿ ಸಲಹೆ ಕೇಳುವ ಸೇವೆಯಾಗಿತ್ತು, ಅದು ಕೈಗೂಡಲಿಲ್ಲ. ಯಾರೂ ಕೇಳದಿದ್ದರೂ ಕೆಲವರು ತಾವಾಗಿ ರಿವ್ಯೂ ಬರೆಯುತ್ತಿದ್ದುದನ್ನು ಗಮನಿಸಿ 2005ರಲ್ಲಿ ಅದರ ಸುತ್ತಲೇ ಸೈಟನ್ನು ಹೊಸದಾಗಿ ಕಟ್ಟಿದರು. ಮೊದಲು ಸ್ಯಾನ್ ಫ್ರಾನ್ಸಿಸ್ಕೋ, ಆಮೇಲೆ ಒಂದೊಂದೇ ನಗರ. 2000ದಲ್ಲಿ ಹುಟ್ಟಿದ ಪ್ರವಾಸದ ರಿವ್ಯೂ ಸೈಟ್ ಟ್ರಿಪ್‌ಅಡ್ವೈಸರ್ ಮೊದಲು ಪ್ರವಾಸಿ ಕೈಪಿಡಿ, ಪತ್ರಿಕೆಗಳ ಲೇಖನಗಳನ್ನು ಒಂದೆಡೆ ತರುತ್ತಿತ್ತು. ಓದುಗರೂ ಬರೆಯಬಹುದು ಎಂಬ ಬಟನ್ ಪಕ್ಕದಲ್ಲಿ ಇಟ್ಟದ್ದಷ್ಟೇ, ಕೊನೆಗೆ ಅದೇ ಮುಖ್ಯವಾಯಿತು. ಎಂದರೆ ರಿವ್ಯೂ ಬರುವ ಮುಂಚೆಯೂ ಅಲ್ಲಿ ಓದುವುದಕ್ಕೆ ಏನೋ ಇತ್ತು. ನಿಮ್ಮ ಪ್ರಿಂಟರ್ ಪುಟದಲ್ಲೂ ಹಾಗೆ ಕಾರ್ಟ್ರಿಡ್ಜ್ ಸಂಖ್ಯೆ, ಒಂದು ಕಾರ್ಟ್ರಿಡ್ಜ್‌ಗೆ ಕಂಪನಿ ಹೇಳುವ ಪುಟಗಳ ಎಣಿಕೆ, ವಾರಂಟಿಯ ಷರತ್ತು, ಮ್ಯಾನುಯಲ್ ಇರಲಿ. ಏನೂ ಇಲ್ಲದ ಪುಟಗಳಿಗೆ ನೋಇಂಡೆಕ್ಸ್ (ಹುಡುಕಾಟದಲ್ಲಿ ತೋರಿಸಬೇಡಿ ಎಂದು ಸರ್ಚ್ ಎಂಜಿನ್‌ಗೆ ಹೇಳುವ ಗುರುತು) ಹಾಕಿ, ಅದಕ್ಕೆ ಕೊಡುವ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್‌ನಿಂದಲೂ ತೆಗೆಯಿರಿ. ಬಣ್ಣ ಮಾತ್ರ ಬೇರೆಯಿರುವ ಒಂದೇ ಮಾದರಿಗೆ ಮೂರು ಪುಟ ಇದ್ದರೆ ಒಂದು ಉಳಿಸಿ, ಉಳಿದೆರಡನ್ನು, ಪುಟ ಶಾಶ್ವತವಾಗಿ ಬೇರೆಡೆಗೆ ಹೋಗಿದೆ ಎಂದು ತಿಳಿಸುವ 301 ರೀಡೈರೆಕ್ಟ್‌ನಿಂದ ಅದಕ್ಕೇ ತಿರುಗಿಸಿ. ಇಲ್ಲವಾದರೆ ಬಂದ ನಾಲ್ಕು ರಿವ್ಯೂಗಳೂ ಚದುರಿಹೋಗುತ್ತವೆ.

ಇನ್ನು ಬರೆಯುವ ಫಾರ್ಮ್. ಹೆಚ್ಚಿನವರು ಎಡವುವುದು ಇಲ್ಲೇ. ಲಾಗಿನ್ ಮೊದಲೇ ಕೇಳಬೇಡಿ. ಮೊದಲು ನಕ್ಷತ್ರ, ಆಮೇಲೆ ಬರಹ, ಫೋಟೊ, ಕಟ್ಟಕಡೆಗೆ ಇಮೇಲ್ ದೃಢೀಕರಣ. ಅಷ್ಟರೊಳಗೆ ಬರೆದದ್ದು ಡ್ರಾಫ್ಟ್ ಆಗಿ ಉಳಿದಿರಬೇಕು. ದೃಢೀಕರಿಸಿ ವಾಪಸ್ ಬಂದಾಗ ಬರೆದದ್ದೆಲ್ಲ ಮಾಯವಾಗಿದ್ದರೆ ಎರಡನೇ ಸಲ ಯಾರೂ ಬರೆಯುವುದಿಲ್ಲ. ‘ನಿಮ್ಮ ಅನುಭವ ಹಂಚಿಕೊಳ್ಳಿ’ ಎಂಬ ಖಾಲಿ ಡಬ್ಬಿ ಇಟ್ಟರೆ ‘ಸೂಪರ್ ಪ್ರಾಡಕ್ಟ್’ ಎಂದೇ ಬರುತ್ತದೆ. ಬದಲಿಗೆ ಹೀಗೆ ಕೇಳಿ: ‘ಕೊಂಡು ಎಷ್ಟು ತಿಂಗಳಾಯಿತು? ಮೊದಲ ಸಲ ಇಂಕ್ ಮುಗಿದದ್ದು ಯಾವಾಗ? ಎರಡು ವಾರ ಬಳಸದೆ ಬಿಟ್ಟರೆ ಇಂಕ್ ಒಣಗಿ ಪ್ರಿಂಟ್ ಹೆಡ್ ಕಟ್ಟಿಕೊಳ್ಳುತ್ತದೆಯೇ?’ ಉತ್ತರ ಒಂದೇ ಸಾಲಿನದಾದರೂ ಕೊಳ್ಳುವವರಿಗೆ ಕೆಲಸಕ್ಕೆ ಬರುತ್ತದೆ. ಫೋಟೊ ಪ್ರಕಟಿಸುವ ಮುಂಚೆ ಎಕ್ಸಿಫ್ ಮಾಹಿತಿ (ಕ್ಯಾಮೆರಾ ಫೋಟೊದೊಳಗೆ ತಾನಾಗಿ ಸೇರಿಸುವ ವಿವರ) ಅಳಿಸುವುದನ್ನು ಮರೆಯಬೇಡಿ, ಅದರಲ್ಲಿ ಮನೆಯ ಜಿಪಿಎಸ್ ಗುರುತು ಸೇರಿರಬಹುದು. ಬರಹದೊಳಗಿನ ಲಿಂಕ್‌ಗಳಿಗೆ ಯುಜಿಸಿ (‘ಬಳಕೆದಾರರು ಸೃಷ್ಟಿಸಿದ್ದು’ ಎಂಬುದರ ಇಂಗ್ಲಿಷ್ ಸಂಕ್ಷೇಪ) ಗುರುತು ಹಾಕಿ. ಬಳಕೆದಾರರು ಹಾಕಿದ ಲಿಂಕ್ ಎಂದು ತಿಳಿಸಲು ಗೂಗಲ್ 2019ರಲ್ಲಿ ತಂದದ್ದು ಅದು.

ರಿವ್ಯೂಗೆ ಹಣ ಕೊಡುವ ಯೋಚನೆ ಬಿಡಿ. 1999ರಲ್ಲಿ ಶುರುವಾದ ಎಪಿನಿಯನ್ಸ್ ಎಂಬ ರಿವ್ಯೂ ಸೈಟ್ ಬರೆದವರಿಗೆ ಹಣ ಕೊಡುತ್ತಿತ್ತು. ಓದಿದವರ ತಲೆ ಎಣಿಸಿ ಹಣ ಕೊಟ್ಟರೆ ‘ನೀನು ನನ್ನ ರಿವ್ಯೂ ತೆರೆ, ನಾನು ನಿನ್ನದು ತೆರೆಯುತ್ತೇನೆ’ ಎಂಬ ಗುಂಪುಗಳು ಹುಟ್ಟುವುದು ಖಂಡಿತ.

ರ‍್ಯಾಂಕಿಂಗ್‌ನಲ್ಲಿ ಬರೀ ಸರಾಸರಿ ತೋರಿಸಿದರೆ, ಎರಡೇ ಎರಡು ಐದು ನಕ್ಷತ್ರ ಪಡೆದ ಮಾದರಿ ಪಟ್ಟಿಯ ನೆತ್ತಿಗೆ ಏರುತ್ತದೆ. ಅದಕ್ಕೆ ಬೇಯ್ಸಿಯನ್ ಸರಾಸರಿ ಬಳಸಿ, ಅಂದರೆ ಮತ ಕಡಿಮೆ ಇದ್ದಷ್ಟೂ ಅಂಕವನ್ನು ಒಟ್ಟು ಸರಾಸರಿಯ ಕಡೆಗೆ ಎಳೆಯುವ ಲೆಕ್ಕ. ಇಡೀ ಸೈಟಿನ ಸರಾಸರಿ 3.8 ಎನ್ನೋಣ. ಪ್ರತಿ ಉತ್ಪನ್ನಕ್ಕೂ 3.8ರ 10 ಕಾಲ್ಪನಿಕ ಮತ ಮೊದಲೇ ಬಿದ್ದಿವೆ ಎಂದುಕೊಳ್ಳಿ. ಆಗ ಎರಡು ಐದು ನಕ್ಷತ್ರದ ಮಾದರಿಗೆ (38 + 10) ÷ 12, ಅಂದರೆ 4.0. 80 ರಿವ್ಯೂಗಳಲ್ಲಿ 4.5 ಸರಾಸರಿ ಇರುವುದಕ್ಕೆ (38 + 360) ÷ 90, ಸುಮಾರು 4.42. ಕ್ರಮಾಂಕಕ್ಕೆ ಈ ಅಂಕ, ಪುಟದಲ್ಲಿ ತೋರಿಸಲು ನಿಜವಾದ ಸರಾಸರಿ ಮತ್ತು ರಿವ್ಯೂಗಳ ಸಂಖ್ಯೆ.

ಸ್ವಲ್ಪ ಹೆಸರು ಬಂದ ಕೂಡಲೇ ನಕಲಿ ರಿವ್ಯೂ ಬರುತ್ತವೆ. ಒಂದೇ ದಿನ ಗುಂಪಾಗಿ ಬಂದವು, ಅಂದೇ ತೆರೆದ ಖಾತೆ, ಒಂದೇ ಸಾಧನ, ಪದಪದವೂ ಹೊಂದುವ ವಾಕ್ಯ, ಒಂದು ನಕ್ಷತ್ರದ ಬೆನ್ನಿಗೇ ಬರುವ ಐದು ನಕ್ಷತ್ರಗಳ ಸಾಲು. ಈ ಯಾವ ಲಕ್ಷಣವೂ ಒಂಟಿಯಾಗಿ ಸಾಕ್ಷಿಯಲ್ಲ, ಮೂರು ಕೂಡಿದಾಗ ತಡೆಯಿರಿ. ಅಳಿಸಿಬಿಡುವುದು ಮಾತ್ರ ಬೇಡ. ಯೆಲ್ಪ್ ಮಾಡುವಂತೆ ಎಣಿಕೆಯಿಂದ ಹೊರಗಿಟ್ಟು ಬೇರೆ ಪುಟದಲ್ಲಿ ಓದಲು ಬಿಡಿ. ಏಕೆಂದರೆ ಫಿಲ್ಟರ್ ಬಿಗಿಯಾದಷ್ಟೂ ಮೊದಲ ಸಲ ಪ್ರಾಮಾಣಿಕವಾಗಿ ಬರೆದವರೇ ಅದರಲ್ಲಿ ಸಿಕ್ಕಿಬೀಳುತ್ತಾರೆ. ನಿಮಗೆ ಬೇಕಾದವರು ಅವರೇ ಅಲ್ಲವೇ? ಕಂಪನಿಗೆ ಉತ್ತರ ಕೊಡುವ ಜಾಗ ಕೊಡಿ, ತೆಗೆಸುವ ಹಕ್ಕು ಬೇಡ. ನಿಯಮ ಬರೆಯಲು ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯ ಐಎಸ್‌ಒ 20488 ಇದೆ. 2018ರಲ್ಲಿ ಬಂದ ಆ ಮಾನದಂಡ ರಿವ್ಯೂ ಸಂಗ್ರಹ, ಪರಿಶೀಲನೆ, ಪ್ರಕಟಣೆ ಮೂರನ್ನೂ ಒಳಗೊಂಡಿದೆ.

ಒಟ್ಟು ರಿವ್ಯೂ ಸಂಖ್ಯೆಯನ್ನು ದಿನಾ ನೋಡುತ್ತ ಕೂರಬೇಡಿ. ಕಳೆದ 12 ತಿಂಗಳಲ್ಲಿ 5 ಅಥವಾ ಹೆಚ್ಚು ರಿವ್ಯೂ ಬಂದ ಮಾದರಿಗಳು ವಿಭಾಗದಲ್ಲಿ ಶೇಕಡಾ ಎಷ್ಟು, ಮೊದಲ ರಿವ್ಯೂ ಬರೆದವರಲ್ಲಿ 60 ದಿನದೊಳಗೆ ಎರಡನೆಯದು ಬರೆದವರೆಷ್ಟು, ಈ ಎರಡೇ ಸಾಕು. ಮೊದಲನೆಯದು ಶೇ. 70 ಮುಟ್ಟಿದ ಮೇಲೆ ಎರಡನೇ ವಿಭಾಗ ತೆರೆಯಿರಿ, ಅದೂ ಪ್ರಿಂಟರ್ ಕೊಂಡವರೇ ಕೊಳ್ಳುವಂಥದ್ದು: ಸ್ಕ್ಯಾನರ್ ಅಥವಾ ಮಾನಿಟರ್.